ದುಡ್ಡು ಬರುವುದು ಕೊಟ್ಟ ಮಾತಿಗೆ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಪ್ರತಿ ವರ್ಷ ಆಗಸ್ಟ್ ತಿಂಗಳ ಮೊದಲ ವಾರಾಂತ್ಯ ಆರು ಸಾವಿರಕ್ಕೂ ಹೆಚ್ಚು ಮಂದಿ ಸೈಕಲ್ ಏರುತ್ತಾರೆ. ದೊಡ್ಡ ಹಾದಿ ಆರಿಸಿಕೊಂಡವರು ಸ್ಟರ್‌ಬ್ರಿಜ್ ಎಂಬ ಊರಿನಿಂದ ಹೊರಟು, ರಾತ್ರಿ ಬೋರ್ನ್‌ನ ನೌಕಾ ಶಿಕ್ಷಣ ಅಕಾಡೆಮಿಯಲ್ಲಿ ತಂಗಿ, ಮರುದಿನ ಕೇಪ್ ಕಾಡ್‌ನ ತುತ್ತತುದಿಯ ಪ್ರಾವಿನ್ಸ್‌ಟೌನ್ ಸೇರುವ ಹೊತ್ತಿಗೆ ಸುಮಾರು 300 ಕಿಲೋಮೀಟರ್ ತುಳಿದಿರುತ್ತಾರೆ. ಇದು ಪಂದ್ಯವಲ್ಲ. ಯಾರು ಮೊದಲು ಬಂದರು ಎಂದು ಯಾರೂ ಕೇಳುವುದಿಲ್ಲ. ‘ಪ್ಯಾನ್-ಮ್ಯಾಸ್ ಚಾಲೆಂಜ್’ ಎಂಬ ಈ ಸವಾರಿ 1980ರಲ್ಲಿ ಆರಂಭವಾದಾಗ ಇದ್ದವರು 36 ಮಂದಿ, ಕೂಡಿದ ಹಣ 10,200 ಡಾಲರ್. 2024ರ ಒಂದೇ ಸವಾರಿಯಿಂದ ಬಂದದ್ದು 7.5 ಕೋಟಿ ಡಾಲರ್, ಅಂದರೆ ಹೆಚ್ಚುಕಡಿಮೆ 630 ಕೋಟಿ ರೂಪಾಯಿ. ಅದೇ ವರ್ಷ ಆರಂಭದಿಂದೀಚಿನ ಒಟ್ಟು ಮೊತ್ತ 100 ಕೋಟಿ ಡಾಲರ್ ದಾಟಿತು. ಅಷ್ಟೂ ಹಣ ಹೋಗುವುದು ಬಾಸ್ಟನ್‌ನ ಡೇನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಯ ಸಂಶೋಧನೆ ಮತ್ತು ಚಿಕಿತ್ಸೆಗೆ.

ಈ ಲೆಕ್ಕ ಓದಿದವರಿಗೆ ಒಂದು ಅನುಮಾನ ಬರಬೇಕಾದದ್ದೇ. ಕ್ಯಾನ್ಸರ್ ಕೋಶಕ್ಕೂ ಸೈಕಲ್ಲಿನ ಪೆಡಲಿಗೂ ಏನು ಸಂಬಂಧ? ಒಬ್ಬ ವಕೀಲನೋ ಶಿಕ್ಷಕಿಯೋ ಎರಡು ದಿನ ಬಿಸಿಲಲ್ಲಿ ಬೆವರು ಸುರಿಸಿದ್ದರಿಂದ ಪ್ರಯೋಗಾಲಯದಲ್ಲಿ ಏನೂ ಬದಲಾಗುವುದಿಲ್ಲ. ಕೊಡುವವರಿಗೆ ಮನಸ್ಸಿದ್ದರೆ ಮನೆಯಲ್ಲೇ ಕುಳಿತು ಚೆಕ್ ಬರೆದು ಕಳಿಸಬಹುದಿತ್ತು. ರಸ್ತೆ ಬಂದೋಬಸ್ತು, ನೀರಿನ ವ್ಯವಸ್ಥೆ, ಆಂಬುಲೆನ್ಸ್ ಇವೆಲ್ಲದರ ಖರ್ಚೂ ಉಳಿಯುತ್ತಿತ್ತು. ಮೇಲ್ನೋಟಕ್ಕೆ ಇದು ಗಟ್ಟಿಯಾದ ವಾದ. ಆದರೆ ನಲವತ್ತು ವರ್ಷಕ್ಕೂ ಮೀರಿದ ಅನುಭವ ಬೇರೆಯದನ್ನೇ ಹೇಳುತ್ತದೆ. ಚೆಕ್ ಬರೆಯಬಹುದಾಗಿದ್ದವರಲ್ಲಿ ಬಹುಪಾಲು ಜನ ಅದನ್ನು ಬರೆಯುವುದಿಲ್ಲ. ಪರಿಚಯದವರೊಬ್ಬರು ಸೈಕಲ್ ತುಳಿಯುತ್ತೇನೆಂದು ಹೇಳಿಕೊಂಡಾಗ ಬರೆಯುತ್ತಾರೆ. ಹಣ ಹುಟ್ಟುವುದು ತುಳಿತದಿಂದ ಅಲ್ಲ, ಹತ್ತು ಜನರೆದುರು ಕೊಟ್ಟ ಮಾತಿನಿಂದ. ಆ ಮಾತಿಗೆ ಒಂದು ದಿನಾಂಕ, ಒಂದು ದೂರ, ಒಂದು ಮೊತ್ತ, ತಪ್ಪಿದರೆ ಒಂದು ದಂಡ ಇವನ್ನು ಕಟ್ಟಿಕೊಟ್ಟದ್ದೇ ಈ ಸವಾರಿಯ ನಿಜವಾದ ಸಾಧನೆ ಎಂಬುದು ಈ ಲೇಖನದ ವಾದ.

ಮೊದಲು ವ್ಯವಸ್ಥೆ ಹೇಗಿದೆ ನೋಡೋಣ. ಸವಾರಿಯನ್ನು ಹುಟ್ಟುಹಾಕಿದ ಬಿಲ್ಲಿ ಸ್ಟಾರ್ ಅವರ ತಾಯಿ 1974ರಲ್ಲಿ, ತಮ್ಮ 49ನೇ ವಯಸ್ಸಿನಲ್ಲಿ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿಗೆ ಬಲಿಯಾದರು. ದುಃಖದಿಂದ ಹುಟ್ಟಿದ ದತ್ತಿ ಕಾರ್ಯಗಳು ಲೋಕದಲ್ಲಿ ಲೆಕ್ಕವಿಲ್ಲದಷ್ಟಿವೆ. ಅವುಗಳಲ್ಲಿ ಹೆಚ್ಚಿನವು ನಾಲ್ಕಾರು ವರ್ಷದಲ್ಲಿ ಸೊರಗುತ್ತವೆ. ಇದು ಉಳಿದದ್ದಕ್ಕೆ ಕಾರಣ ಅದರ ಕಟ್ಟುನಿಟ್ಟು. ಹೆಸರು ನೋಂದಾಯಿಸುವ ಪ್ರತಿ ಸವಾರನೂ ಹಾದಿಯ ಉದ್ದಕ್ಕೆ ತಕ್ಕಂತೆ ಇಂತಿಷ್ಟು ಹಣ ಕೂಡಿಸುತ್ತೇನೆಂದು ಒಪ್ಪಿಕೊಳ್ಳಬೇಕು. ಎರಡು ದಿನದ ದೊಡ್ಡ ಹಾದಿಗೆ ಇದು ಹಲವು ಸಾವಿರ ಡಾಲರ್. ಒಪ್ಪಿಕೊಳ್ಳುವಾಗಲೇ ತನ್ನ ಕ್ರೆಡಿಟ್ ಕಾರ್ಡಿನ ವಿವರವನ್ನೂ ಕೊಡಬೇಕು. ಗಡುವಿನೊಳಗೆ ಸ್ನೇಹಿತರು, ನೆಂಟರು, ಸಹೋದ್ಯೋಗಿಗಳಿಂದ ಅಷ್ಟು ಹಣ ಕೂಡದಿದ್ದರೆ ಕೊರತೆ ಬಿದ್ದಷ್ಟನ್ನು ಅವನ ಕಾರ್ಡಿನಿಂದಲೇ ವಸೂಲು ಮಾಡಲಾಗುತ್ತದೆ. ಇಲ್ಲಿ ‘ನೋಡೋಣ, ಆದಷ್ಟು ಪ್ರಯತ್ನಿಸುತ್ತೇನೆ’ ಎಂಬ ಮಾತಿಗೆ ಜಾಗವಿಲ್ಲ. ಫಲವೂ ಹಾಗೇ ಇದೆ: ಒಟ್ಟು ಹಣವನ್ನು ಸವಾರರ ಸಂಖ್ಯೆಯಿಂದ ಭಾಗಿಸಿದರೆ ತಲೆಗೆ ಸರಾಸರಿ ಹತ್ತು ಸಾವಿರ ಡಾಲರಿಗಿಂತ ಹೆಚ್ಚು ಬೀಳುತ್ತದೆ.

ಈ ಕಟ್ಟುನಿಟ್ಟಿನ ಬಗ್ಗೆ ನಮ್ಮವರಿಗೆ ಹೆಚ್ಚು ವಿವರಿಸಬೇಕಿಲ್ಲ. ಯುಗಾದಿಗೆ ಮುನ್ನ ಉತ್ತರ ಕರ್ನಾಟಕದ ಹಳ್ಳಿಗಳಿಂದ ಶ್ರೀಶೈಲಕ್ಕೆ ನಡೆದು ಹೋಗುವ ಭಕ್ತರನ್ನು ನೆನೆಯಿರಿ. ಬಸ್ಸು ಇದೆ, ಆದರೂ ನಡೆಯುತ್ತಾರೆ. ಹರಕೆಯ ತೂಕ ಇರುವುದೇ ಆ ನಡಿಗೆಯಲ್ಲಿ. ದಾರಿಯುದ್ದಕ್ಕೂ ಊರವರು ಊಟ, ಮಜ್ಜಿಗೆ, ನೆರಳು ಒದಗಿಸುತ್ತಾರೆ, ನಡೆಯಲಾಗದವರೂ ಆ ಪುಣ್ಯದಲ್ಲಿ ಪಾಲು ಪಡೆಯುತ್ತಾರೆ. ಮ್ಯಾಸಚೂಸೆಟ್ಸ್‌ನ ಸವಾರಿಯಲ್ಲೂ ಮೂರು ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ದುಡಿಯುತ್ತಾರೆ, ಸೈಕಲ್ ಮುಟ್ಟದವರು ದೇಣಿಗೆ ಕೊಡುತ್ತಾರೆ. ವ್ಯತ್ಯಾಸ ಒಂದೇ: ಹರಕೆಯ ಸಾಲ ದೇವರಿಗೆ ಮತ್ತು ಮನಸ್ಸಾಕ್ಷಿಗೆ ಸಂಬಂಧಿಸಿದ್ದು, ಇಲ್ಲಿನ ಸಾಲವನ್ನು ಎಲ್ಲರೂ ನೋಡಬಹುದಾದ ಪುಟದಲ್ಲಿ ಅಂಕಿಯಾಗಿ ಬರೆದಿರುತ್ತಾರೆ. ಎಷ್ಟು ಕೂಡಿದೆ, ಎಷ್ಟು ಬಾಕಿ, ಯಾರು ಎಷ್ಟು ಕೊಟ್ಟರು ಎಂಬುದೆಲ್ಲ ಕಣ್ಣೆದುರೇ ಇರುತ್ತದೆ.

ಕಷ್ಟಪಡುವುದಕ್ಕೂ ಕೈ ಬಿಚ್ಚಿ ಕೊಡುವುದಕ್ಕೂ ನಂಟಿದೆಯೇ ಎಂಬುದನ್ನು ಮನಶ್ಶಾಸ್ತ್ರಜ್ಞರು ಪರೀಕ್ಷಿಸಿ ನೋಡಿದ್ದಾರೆ. ಕ್ರಿಸ್ಟಫರ್ ಒಲಿವೋಲಾ ಮತ್ತು ಎಲ್ಡಾರ್ ಶಫೀರ್ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಸಾರ ಹೀಗಿದೆ: ಒಂದು ಸತ್ಕಾರ್ಯಕ್ಕೆ ಹಣ ಕೊಡುವ ದಾರಿ ಸುಖವಾಗಿರುವುದಕ್ಕಿಂತ ಶ್ರಮದ್ದಾಗಿದ್ದರೆ ಜನ ಹೆಚ್ಚು ಕೊಡಲು ಸಿದ್ಧರಾಗುತ್ತಾರೆ. ವಿಹಾರ ಭೋಜನಕ್ಕೆ ಬಂದು ಕೊಡಿ ಎಂದಾಗ ಮನಸ್ಸಿಗೆ ಬರುವ ಮೊತ್ತಕ್ಕಿಂತ ಓಡಿ ಕೊಡಿ ಎಂದಾಗ ಬರುವ ಮೊತ್ತ ದೊಡ್ಡದು. ಅವರು ಇದನ್ನು ‘ಹುತಾತ್ಮ ಪರಿಣಾಮ’ ಎಂದು ಕರೆದರು. ಪಟ್ಟ ಪಾಡು ಕೊಡುಗೆಗೆ ಅರ್ಥ ತುಂಬುತ್ತದೆ ಎಂಬುದು ಅವರ ವಿವರಣೆ. ಇನ್ನೊಂದು ಸೂಕ್ಷ್ಮವನ್ನೂ ಅವರು ಗಮನಿಸಿದರು: ಉದ್ದೇಶವು ಮನುಷ್ಯರ ನೋವಿಗೆ ಸಂಬಂಧಿಸಿದ್ದಾದರೆ ಈ ಪರಿಣಾಮ ಬಲವಾಗಿರುತ್ತದೆ, ಉದ್ಯಾನ ಕಟ್ಟಿಸುವಂಥ ಸಂತೋಷದ ಕೆಲಸಕ್ಕೆ ಅಷ್ಟಿರುವುದಿಲ್ಲ. ಕ್ಯಾನ್ಸರಿನ ಹೆಸರಿನಲ್ಲಿ ಔತಣಕೂಟ ಏರ್ಪಡಿಸುವುದಕ್ಕಿಂತ ಏರುದಾರಿಯಲ್ಲಿ ಸೈಕಲ್ ತುಳಿಯುವುದು ಜನರಿಗೆ ಸರಿಯೆನಿಸುವುದೇಕೆ ಎಂಬುದಕ್ಕೆ ಇಲ್ಲಿ ಸುಳಿವು ಸಿಗುತ್ತದೆ.

ಇದು ಸವಾರನ ಮನಸ್ಸಿನ ಮಾತಾಯಿತು. ಕೊಡುವವರ ಮನಸ್ಸಿನ ಬಗ್ಗೆ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞರು ಗಟ್ಟಿ ಪುರಾವೆ ಕೊಟ್ಟಿದ್ದಾರೆ. ಸಾರಾ ಸ್ಮಿತ್ ಮತ್ತು ಸಂಗಡಿಗರು 2010ರ ಲಂಡನ್ ಮ್ಯಾರಥಾನಿನಲ್ಲಿ ಓಡಿದವರ ದೇಣಿಗೆ ಪುಟಗಳನ್ನು ಅಭ್ಯಸಿಸಿದರು. ಒಂದು ಪುಟದಲ್ಲಿ ಅದುವರೆಗೆ ಬಂದ ದೇಣಿಗೆಗಳ ಸರಾಸರಿ ಹತ್ತು ಪೌಂಡ್ ಏರಿದರೆ ಮುಂದೆ ಬರುವವರು ಸರಾಸರಿ ಎರಡೂವರೆ ಪೌಂಡ್ ಹೆಚ್ಚು ಕೊಡುತ್ತಾರೆ ಎಂಬುದು ಅವರ ಲೆಕ್ಕ. ಮುಯ್ಯಿ ಓದುವ ಮನೆಯಲ್ಲಿ ಬೆಳೆದ ನಮಗೆ ಇದೇನೂ ಹೊಸ ಜ್ಞಾನವಲ್ಲ. ಆದರೆ ಆಸ್ಪತ್ರೆಯ ಮನವಿ ಪತ್ರವೊಂದು ಅಂಚೆಯಲ್ಲಿ ಬಂದಾಗ ಈ ಬಲ ಕೆಲಸ ಮಾಡುವುದಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಮನವಿ ಪತ್ರವನ್ನು ಕಳಿಸುವುದು ಸಂಸ್ಥೆ. ಅದಕ್ಕೆ ಇಲ್ಲವೆನ್ನಲು ಯಾರಿಗೂ ಸಂಕೋಚವಿಲ್ಲ. ಪಕ್ಕದ ಮೇಜಿನವರು ತಾವು ಇಷ್ಟು ಕೂಡಿಸಲೇಬೇಕು ಎಂದು ಕೇಳಿದಾಗ ಕೊಡುವವರು ರೋಗಿಗೂ ಕೊಡುತ್ತಾರೆ, ಪಕ್ಕದವರ ಮರ್ಯಾದೆಗೂ ಕೊಡುತ್ತಾರೆ. ಬೇಡುವ ಸಂಕೋಚ ಸವಾರನಿಗೂ ಕಡಿಮೆ. ತಾನು ಬರಿಗೈಯಲ್ಲಿ ಕೇಳುತ್ತಿಲ್ಲ, ಮೈ ದಂಡಿಸುತ್ತೇನೆಂದು ಹೇಳಿ ಕೇಳುತ್ತಿದ್ದೇನೆ ಎಂಬ ಧೈರ್ಯ ಅವನಿಗಿದೆ. ಸೈಕಲ್ ಇಲ್ಲಿ ನೆಪವೇ ಸರಿ. ಆದರೆ ಕೇಳಲು ನೆಪವಿಲ್ಲದ್ದೇ ಬಹುಪಾಲು ಸತ್ಕಾರ್ಯಗಳ ಬಡತನಕ್ಕೆ ಕಾರಣ.

ಎರಡನೆಯ ಆಕ್ಷೇಪ ಖರ್ಚಿನದು. ಸವಾರರು ಕೂಡಿಸಿದ ಹಣದ ನೂರಕ್ಕೆ ನೂರು ಪಾಲನ್ನೂ 2007ರಿಂದ ಸಂಸ್ಥೆಗೆ ಒಪ್ಪಿಸುತ್ತಿದ್ದೇವೆ ಎಂದು ಪ್ಯಾನ್-ಮ್ಯಾಸ್ ಹೇಳಿಕೊಳ್ಳುತ್ತದೆ. ಹಾಗಾದರೆ ಸವಾರಿ ನಡೆಸುವ ಖರ್ಚು ಎಲ್ಲಿಂದ? ನೋಂದಣಿ ಶುಲ್ಕ, ಪ್ರಾಯೋಜಕರು, ಉಡುಪು ಮೊದಲಾದವುಗಳ ಮಾರಾಟದಿಂದ. ಇದು ಬರೀ ಲೆಕ್ಕದ ಜಾಣ್ಮೆ, ಪ್ರಾಯೋಜಕರ ಹಣವೂ ಹಣವೇ, ಅದನ್ನೂ ಸಂಶೋಧನೆಗೇ ಕೊಡಬಹುದಿತ್ತಲ್ಲ ಎಂದು ವಾದಿಸುವವರಿದ್ದಾರೆ. ಅರ್ಧ ಸತ್ಯ. ಕಂಪನಿಯೊಂದು ಹೆಸರು ಕಾಣಿಸಲೆಂದು ಕೊಡುವ ಹಣ ಜಾಹೀರಾತಿನ ಬಾಬ್ತಿನಿಂದ ಬಂದದ್ದು. ಸವಾರಿ ಇಲ್ಲದಿದ್ದರೆ ಅದು ಇನ್ನೊಂದು ಫಲಕಕ್ಕೆ ಹೋಗುತ್ತಿತ್ತು, ಪ್ರಯೋಗಾಲಯಕ್ಕೆ ಅಲ್ಲ. ಮಗಳ ನೆನಪಿಗೆ ನೂರು ಡಾಲರ್ ಕೊಟ್ಟ ತಂದೆಗೆ ಆ ನೂರರಲ್ಲಿ ಮೂವತ್ತು ಡೇರೆ ಬಾಡಿಗೆಗೆ ಹೋಯಿತು ಎಂದು ತಿಳಿದರೆ ಮುಂದಿನ ವರ್ಷ ಅವನ ಕೈ ಹಿಂದೆಗೆಯುತ್ತದೆ. ಎರಡು ಬಗೆಯ ಹಣವನ್ನು ಬೇರೆ ಬೇರೆ ಚೀಲದಲ್ಲಿಟ್ಟದ್ದು ಕೊಡುವವನ ನಂಬಿಕೆಯನ್ನು ಕಾಪಾಡುವ ಉಪಾಯ.

ಆ ನಂಬಿಕೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದಲ್ಲೇ ಉದಾಹರಣೆ ಇದೆ. ಡ್ಯಾನ್ ಪಲೋಟಾ ಎಂಬುವರ ಕಂಪನಿ 1994ರಿಂದ ಕ್ಯಾಲಿಫೋರ್ನಿಯಾದಲ್ಲಿ ಏಡ್ಸ್ ಪರಿಹಾರಕ್ಕಾಗಿ ಬಹುದಿನದ ಸೈಕಲ್ ಸವಾರಿಗಳನ್ನು, ಆಮೇಲೆ ಸ್ತನ ಕ್ಯಾನ್ಸರಿಗಾಗಿ ಮೂರು ದಿನದ ನಡಿಗೆಗಳನ್ನು ನಡೆಸಿತು. ಹಣ ಅಪಾರವಾಗಿ ಬಂತು. ಜಾಹೀರಾತು, ವ್ಯವಸ್ಥೆ, ಶುಲ್ಕದ ಖರ್ಚೂ ಎದ್ದು ಕಂಡಿತು. ಟೀಕೆ ಬೆಳೆದು, ದೊಡ್ಡ ಪಾಲುದಾರರು ಕೈಬಿಟ್ಟು, 2002ರಲ್ಲಿ ಕಂಪನಿ ಮುಚ್ಚಿತು. ಪಲೋಟಾ ಸುಮ್ಮನಾಗಲಿಲ್ಲ. ಖರ್ಚಿನ ಶೇಕಡಾವಾರು ನೋಡಬೇಡಿ, ಕೊನೆಗೆ ಕೈಗೆ ಬಂದ ಮೊತ್ತ ನೋಡಿ ಎಂಬುದು ಅವರ ವಾದ. ತಮ್ಮ ಕಂಪನಿ ಮುಚ್ಚಿದ ಮೇಲೆ ಸ್ತನ ಕ್ಯಾನ್ಸರ್ ಸಂಶೋಧನೆಗೆ ಸಿಗುತ್ತಿದ್ದ ಹಣ ಒಂದೇ ವರ್ಷದಲ್ಲಿ ಶೇ 84ರಷ್ಟು ಕುಸಿಯಿತು ಎಂದು 2013ರ ಭಾಷಣವೊಂದರಲ್ಲಿ ಅವರು ಹೇಳಿದರು. ಅವರ ತರ್ಕದಲ್ಲಿ ಹುರುಳಿದೆ. ನೂರು ರೂಪಾಯಿಗೆ ಐದು ಖರ್ಚು ಮಾಡಿ ನೂರನ್ನೇ ತರುವವನಿಗಿಂತ, ನೂರಕ್ಕೆ ನಲವತ್ತರಂತೆ ಖರ್ಚು ಮಾಡಿ ಸಾವಿರ ತರುವವನು ರೋಗಿಗೆ ಹೆಚ್ಚು ಉಪಕಾರಿ. ಆದರೆ ಕೊಡುವವರು ಬರೀ ಲೆಕ್ಕ ಹಾಕಿ ಕೊಡುವುದಿಲ್ಲ, ನಂಬಿ ಕೊಡುತ್ತಾರೆ ಎಂಬುದನ್ನು ಅವರ ತರ್ಕ ಬಿಟ್ಟುಬಿಡುತ್ತದೆ. ಖರ್ಚು ಮಾಡಬೇಡ ಎಂದು ಪ್ಯಾನ್-ಮ್ಯಾಸ್ ಹೇಳಲಿಲ್ಲ. ಖರ್ಚಿಗೆ ಬೇರೆ ಮೂಲ ಹುಡುಕಿತು. ಪಲೋಟಾ ಹೇಳುವ ಸತ್ಯವನ್ನೂ ಟೀಕಾಕಾರರ ಅಳುಕನ್ನೂ ಒಟ್ಟಿಗೆ ನಿಭಾಯಿಸುವ ದಾರಿ ಇದೇ.

ನಂಬಿಕೆಯನ್ನು ಯಾರ ಮೇಲೆ ಇಡಬೇಕು ಎಂಬುದೂ ಇಲ್ಲಿ ಮುಖ್ಯ. ಕ್ಯಾನ್ಸರ್ ಮತ್ತು ಸೈಕಲ್ ಎಂದೊಡನೆ ಜಗತ್ತಿಗೆ ನೆನಪಾಗುತ್ತಿದ್ದ ಹೆಸರು ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್. ವೃಷಣದ ಕ್ಯಾನ್ಸರಿನಿಂದ ಚೇತರಿಸಿಕೊಂಡು ಟೂರ್ ಡಿ ಫ್ರಾನ್ಸ್ ಗೆದ್ದ ಆತ 1997ರಲ್ಲಿ ಕಟ್ಟಿದ ಪ್ರತಿಷ್ಠಾನ 2004ರಲ್ಲಿ ಹೊರತಂದ ಒಂದು ಡಾಲರಿನ ಹಳದಿ ಕೈಪಟ್ಟಿ ಕೋಟಿಗಟ್ಟಲೆ ಮಾರಾಟವಾಯಿತು. 2012ರಲ್ಲಿ ಉದ್ದೀಪನ ಮದ್ದಿನ ಮೋಸ ಬಯಲಾಗಿ ಏಳು ಪ್ರಶಸ್ತಿಗಳೂ ಕಳಚಿದಾಗ ಪ್ರತಿಷ್ಠಾನ ಅವನಿಂದ ದೂರ ಸರಿಯಬೇಕಾಯಿತು, ದೇಣಿಗೆಯೂ ಇಳಿಯಿತು. ಒಬ್ಬ ವೀರನ ಮೇಲೆ ನಿಂತ ಸತ್ಕಾರ್ಯ ಆ ವೀರನೊಂದಿಗೇ ಬೀಳುತ್ತದೆ. ಸಾವಿರಾರು ಅನಾಮಿಕರ ಮೇಲೆ ನಿಂತದ್ದಕ್ಕೆ ಆ ಭಯವಿಲ್ಲ. ಒಬ್ಬ ಸವಾರ ಮಾತು ತಪ್ಪಿದರೆ ಏರುವುದು ಅವನ ಕಾರ್ಡಿನ ಬಾಕಿ ಮಾತ್ರ. ಪ್ಯಾನ್-ಮ್ಯಾಸ್ ಸವಾರರಲ್ಲಿ ನೂರಾರು ಮಂದಿ ಸ್ವತಃ ಕ್ಯಾನ್ಸರ್ ಗೆದ್ದವರು ಅಥವಾ ಚಿಕಿತ್ಸೆಯಲ್ಲಿರುವವರು. ಅವರನ್ನು ‘ಜೀವಂತ ಸಾಕ್ಷಿ’ ಎಂದು ಕರೆಯುವ ರೂಢಿ ಅಲ್ಲಿದೆ. ಅಲ್ಲಿ ಸಾಕ್ಷಿ ಹೇಳಲು ತಾರೆಯ ಅಗತ್ಯ ಬಿದ್ದಿಲ್ಲ.

ಮೂರನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು: ಕ್ಯಾನ್ಸರ್ ಸಂಶೋಧನೆ ಸರ್ಕಾರದ ಹೊಣೆ, ಅದನ್ನು ಜನರ ಕಾಲಿನ ಬಲಕ್ಕೆ ಬಿಡುವುದು ನಾಚಿಕೆಗೇಡು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ವಾರ್ಷಿಕ ಬಜೆಟ್ ಏಳುನೂರು ಕೋಟಿ ಡಾಲರಿಗೂ ಹೆಚ್ಚು. ಅದರ ಮುಂದೆ ಸವಾರಿಯ 7.5 ಕೋಟಿ ನೂರಕ್ಕೆ ಒಂದು ಪಾಲು. ಹಾಗಿದ್ದರೆ ಈ ಒಂದು ಪಾಲಿಗೆ ಇಷ್ಟು ಗದ್ದಲ ಏಕೆ? ಕಾರಣ ಹಣದ ಗುಣದಲ್ಲಿದೆ. ಸರ್ಕಾರಿ ಅನುದಾನ ಸಿಗಬೇಕಾದರೆ ವಿಜ್ಞಾನಿ ತನ್ನ ಊಹೆ ಫಲಿಸಬಹುದೆಂಬುದಕ್ಕೆ ಪ್ರಾಥಮಿಕ ಪುರಾವೆ ಮುಂದಿಡಬೇಕು. ಆ ಪುರಾವೆ ತಯಾರಿಸಲು ಮೊದಲೇ ಹಣ ಬೇಕು. 2024ರವರೆಗಿನ ಕೆಲವು ವರ್ಷಗಳಲ್ಲಿ ಆ ಸಂಸ್ಥೆ ಅನುಭವಿ ಸಂಶೋಧಕರ ಪ್ರಮುಖ ಅನುದಾನಗಳಿಗೆ ನಿಗದಿ ಮಾಡಿದ ಗೆರೆ ಶ್ರೇಯಾಂಕದ ಮೇಲಿನ ಶೇ 10ರಿಂದ 12ರ ಆಸುಪಾಸಿನಲ್ಲಿತ್ತು. ವೈದ್ಯವಿಜ್ಞಾನಿಗಳಿಗೆ ಮೊದಲ ದೊಡ್ಡ ಅನುದಾನ ಸಿಗುವಾಗ ಸರಾಸರಿ ವಯಸ್ಸು ನಲವತ್ತು ದಾಟಿರುತ್ತದೆ. ಇಷ್ಟು ಕಿರಿದಾದ ಬಾಗಿಲಲ್ಲಿ ತೂರುವುದು ಹೆಚ್ಚಾಗಿ ಗೆಲ್ಲುವುದು ಖಾತ್ರಿಯಿರುವ ವಿಚಾರ. ಸವಾರಿಯ ಹಣಕ್ಕೆ ಅಂಥ ಷರತ್ತಿಲ್ಲ; ಎಲ್ಲಿ ಬೇಕೋ ಅಲ್ಲಿ ಬಳಸುವ ಸ್ವಾತಂತ್ರ್ಯ ಡೇನಾ-ಫಾರ್ಬರ್‌ಗಿದೆ. ಹೊಸಬನ ಹುಚ್ಚು ಎನಿಸುವ ಪ್ರಯೋಗಕ್ಕೆ ಮೊದಲ ಎರಡು ವರ್ಷ ನೀರೆರೆಯುವುದು ಇಂಥ ಹಣವೇ.

ಡೇನಾ-ಫಾರ್ಬರ್ ಹುಟ್ಟಿದ ಕಥೆಯೇ ಇದಕ್ಕೆ ಸಾಕ್ಷಿ, ಅದರಲ್ಲಿ ನಮ್ಮ ನೆರೆಯವರೊಬ್ಬರ ಪಾತ್ರವೂ ಇದೆ. 1947ರಲ್ಲಿ ಬಾಸ್ಟನ್‌ನ ಮಕ್ಕಳ ಆಸ್ಪತ್ರೆಯ ರೋಗಶಾಸ್ತ್ರ ತಜ್ಞ ಸಿಡ್ನಿ ಫಾರ್ಬರ್, ಫೋಲಿಕ್ ಆಮ್ಲದ ಕೆಲಸವನ್ನು ತಡೆದರೆ ರಕ್ತ ಕ್ಯಾನ್ಸರಿನ ಕೋಶಗಳು ಸೊರಗಬಹುದೆಂದು ಊಹಿಸಿದರು. ಹಾಗೆ ತಡೆಯುವ ಅಮೈನೊಪ್ಟೆರಿನ್ ಎಂಬ ಔಷಧ ಬಂದದ್ದು ಲೆಡರ್ಲ್ ಪ್ರಯೋಗಾಲಯದಿಂದ. ಅಲ್ಲಿ ಸಂಶೋಧನೆಯ ಮುಖ್ಯಸ್ಥರಾಗಿದ್ದವರು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾವ್. 1948ರಲ್ಲಿ ಪ್ರಕಟವಾದ ವರದಿಯ ಪ್ರಕಾರ 16 ಮಕ್ಕಳಲ್ಲಿ ಹತ್ತು ಮಕ್ಕಳಿಗೆ ತಾತ್ಕಾಲಿಕವಾಗಿ ಗುಣ ಕಂಡಿತು. ಹಲವು ವೈದ್ಯರು ಇದನ್ನು ನಂಬಲಿಲ್ಲ. ಅದೇ ವರ್ಷ ಮೇ 22ರಂದು ರೇಡಿಯೋ ಕಾರ್ಯಕ್ರಮವೊಂದರಲ್ಲಿ, ಗುರುತು ಮರೆಸಲು ‘ಜಿಮ್ಮಿ’ ಎಂದು ಹೆಸರಿಟ್ಟ ಬಾಲ ರೋಗಿಯ ಜೊತೆ ಬೇಸ್‌ಬಾಲ್ ಆಟಗಾರರು ಮಾತಾಡಿದರು. ಹುಡುಗನಿಗೆ ಟಿವಿ ಸಿಗಬೇಕಾದರೆ 20,000 ಡಾಲರ್ ಕೂಡಬೇಕು ಎಂದು ಕೇಳಿಕೊಂಡರು. ಬಂದದ್ದು 2,31,000ಕ್ಕೂ ಹೆಚ್ಚು. ಆ ‘ಜಿಮ್ಮಿ ನಿಧಿ’ಯಿಂದ 1952ರಲ್ಲಿ ಕಟ್ಟಡ ಎದ್ದಿತು, ಸಂಸ್ಥೆ ಬೆಳೆಯಿತು. ಇಂದು ಅದೇ ನಿಧಿಯ ವಾರ್ಷಿಕ ಆದಾಯದ ಅರ್ಧಕ್ಕೂ ಹೆಚ್ಚು ಬರುವುದು ಸೈಕಲ್ ಸವಾರಿಯಿಂದ. ಆ ಔಷಧದ ಸೋದರ ಮೆಥೊಟ್ರೆಕ್ಸೇಟ್ ಈಗಲೂ ಚಿಕಿತ್ಸೆಯಲ್ಲಿದೆ. ಅಮೆರಿಕದಲ್ಲಿ ಮಕ್ಕಳ ಲಿಂಫೋಬ್ಲಾಸ್ಟಿಕ್ ರಕ್ತ ಕ್ಯಾನ್ಸರಿನಲ್ಲಿ ಹತ್ತರಲ್ಲಿ ಒಂಬತ್ತು ಮಕ್ಕಳು ಐದು ವರ್ಷ ದಾಟುತ್ತಾರೆ. ಇದೆಲ್ಲ ದೇಣಿಗೆಯೊಂದರಿಂದಲೇ ಆಯಿತೆಂದರೆ ತಪ್ಪಾದೀತು, ಮುಂದೆ ಸರ್ಕಾರಿ ಹಣ ಇನ್ನೂ ದೊಡ್ಡ ಪಾತ್ರ ವಹಿಸಿತು. ಆದರೆ ಬಹುಮತ ನಂಬದ ಹೊತ್ತಿನಲ್ಲಿ ನೆಲೆ ಒದಗಿಸಿದ್ದು ಜನರ ಚಿಲ್ಲರೆ ಕಾಸು.

ನಾಲ್ಕನೆಯ ಆಕ್ಷೇಪಕ್ಕೆ ಮಾತ್ರ ಪೂರ್ತಿ ಉತ್ತರವಿಲ್ಲ. ಸಾವಿರಾರು ಡಾಲರ್ ಕೂಡಿಸುವ ಮಾತು ಕೊಡಬೇಕಾದರೆ ಕೊಡಬಲ್ಲ ಸ್ನೇಹಿತರು ಬೇಕು. ಒಬ್ಬ ಬ್ಯಾಂಕ್ ಅಧಿಕಾರಿಯ ಬಳಗಕ್ಕೂ ಆಸ್ಪತ್ರೆಯ ನೆಲ ಒರೆಸುವವರ ಬಳಗಕ್ಕೂ ಅಜಗಜಾಂತರ. ಬಾಸ್ಟನ್ ಸುತ್ತಲಿನ ಸಿರಿವಂತಿಕೆ ಇಲ್ಲದಿದ್ದರೆ ಈ ಅಂಕಿಗಳು ಹುಟ್ಟುತ್ತಿರಲಿಲ್ಲ. ಹಣ ಸೇರುವುದೂ ಮೊದಲೇ ಪ್ರಸಿದ್ಧವಾದ ಸಂಸ್ಥೆಗೆ. ಕಡಿಮೆ ಮೊತ್ತದ ಚಿಕ್ಕ ಹಾದಿಗಳು, ಮಕ್ಕಳ ಸವಾರಿಗಳು, 2020ರ ಕೋವಿಡ್ ಕಾಲದಿಂದ ಬಂದ ‘ನಿಮ್ಮೂರಲ್ಲೇ ತುಳಿಯಿರಿ’ ಎಂಬ ಏರ್ಪಾಡು ಈ ಗೋಡೆಯನ್ನು ಕೊಂಚ ತಗ್ಗಿಸಿವೆ, ಕೆಡವಿಲ್ಲ. ಬೇರೆ ದಾರಿ ಸಾಧ್ಯ ಎಂಬುದಕ್ಕೆ ಕೆನಡಾದ ಟೆರಿ ಫಾಕ್ಸ್ ಓಟ ನಿದರ್ಶನ. ಮೂಳೆ ಕ್ಯಾನ್ಸರಿನಿಂದ ಒಂದು ಕಾಲು ಕಳೆದುಕೊಂಡ ಆ ಯುವಕ ಪ್ಯಾನ್-ಮ್ಯಾಸ್ ಹುಟ್ಟಿದ 1980ರಲ್ಲೇ ದೇಶದ ಉದ್ದಕ್ಕೂ ಓಡಲು ಹೊರಟು, 143 ದಿನಗಳಲ್ಲಿ 5,373 ಕಿಲೋಮೀಟರ್ ಓಡಿದ ಮೇಲೆ ರೋಗ ಮರುಕಳಿಸಿ ನಿಲ್ಲಬೇಕಾಯಿತು, ಮರುವರ್ಷ ತೀರಿಕೊಂಡ. ಅವನ ಹೆಸರಿನ ಓಟಕ್ಕೆ ಪ್ರವೇಶ ಶುಲ್ಕವಿಲ್ಲ, ಕನಿಷ್ಠ ಮೊತ್ತವಿಲ್ಲ. ಹಲವು ದೇಶಗಳಲ್ಲಿ ಹಬ್ಬಿ ಅದು ಕೂಡಿಸಿದ್ದು 80 ಕೋಟಿ ಕೆನಡಿಯನ್ ಡಾಲರಿಗೂ ಹೆಚ್ಚು. ಕಟ್ಟುನಿಟ್ಟಿನ ಮಾತು ತಲೆಗೆ ಹೆಚ್ಚು ಹಣ ತರುತ್ತದೆ. ಮುಕ್ತ ಬಾಗಿಲು ಹೆಚ್ಚು ತಲೆಗಳನ್ನು ತರುತ್ತದೆ. ಯಾವುದು ಬೇಕೆಂಬುದು ಉದ್ದೇಶವನ್ನು ನೋಡಿ ನಿರ್ಧರಿಸಬೇಕಾದ ವಿಷಯ.

ನಮ್ಮಲ್ಲಿ ಈ ಪ್ರಶ್ನೆಗೆ ಬೇರೆಯದೇ ತೂಕವಿದೆ. ಜಾಗತಿಕ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ 14 ಲಕ್ಷಕ್ಕೂ ಹೆಚ್ಚು ಹೊಸ ಕ್ಯಾನ್ಸರ್ ಪ್ರಕರಣಗಳು ಕಂಡವು, 9 ಲಕ್ಷಕ್ಕೂ ಹೆಚ್ಚು ಸಾವು ಸಂಭವಿಸಿದವು. ಇಲ್ಲಿನ ದೊಡ್ಡ ಕೊರತೆ ಹೊಸ ಅಣುವಿನದಲ್ಲ. ರೋಗ ತಡವಾಗಿ ಪತ್ತೆಯಾಗುವುದು, ಊರಿಂದ ದೂರದ ಆಸ್ಪತ್ರೆ, ನಡುವೆ ಚಿಕಿತ್ಸೆ ಬಿಡುವುದು, ಕೂಲಿ ಕಳೆದುಕೊಳ್ಳುವುದು. ಬೆಂಗಳೂರಿನ ಕಿದ್ವಾಯಿಗೆ ಬರುವ ಕುಟುಂಬಕ್ಕೆ ಔಷಧದಷ್ಟೇ ಬಸ್ ಚಾರ್ಜು, ತಂಗುವ ಜಾಗ, ಊಟ ಮುಖ್ಯ. ಬೆಂಗಳೂರಲ್ಲಿ 2008ರಿಂದ ನಡೆಯುವ ವಿಶ್ವ 10ಕೆ ಓಟದಲ್ಲಿ ಓಟಗಾರರು ತಮ್ಮಿಷ್ಟದ ಸಂಸ್ಥೆಗಳಿಗೆ ಹಣ ಕೂಡಿಸುವ ರೂಢಿ ಬೆಳೆದಿದೆ. ದೂರದ ಸೈಕಲ್ ಸವಾರಿಯ ಹವ್ಯಾಸವೂ ರಾಜ್ಯದಲ್ಲಿ ಗಟ್ಟಿಯಾಗಿದೆ. ಎರಡೂ ಇದ್ದರೂ ಒಂದೇ ಉದ್ದೇಶಕ್ಕೆ, ಒಂದೇ ದಿನಾಂಕಕ್ಕೆ, ಇಷ್ಟೇ ಎಂಬ ಬದ್ಧತೆಗೆ ಅವನ್ನು ಕಟ್ಟುವ ಕೆಲಸ ಮ್ಯಾಸಚೂಸೆಟ್ಸ್‌ನ ಮಟ್ಟಿಗೆ ಇಲ್ಲಿ ಆಗಿಲ್ಲ.

ಹಾಗಾಗಿ ಅಲ್ಲಿಂದ ಕಲಿಯಬೇಕಾದದ್ದು ಸೈಕಲ್ಲನ್ನಲ್ಲ. ಕ್ಯಾಲಿಫೋರ್ನಿಯಾದ ಏಡ್ಸ್ ಸವಾರಿಯನ್ನು ಪಲೋಟಾ ನಂತರ ಫಲಾನುಭವಿ ಸಂಸ್ಥೆಗಳೇ ವಹಿಸಿಕೊಂಡು ಎರಡು ದಶಕಕ್ಕೂ ಹೆಚ್ಚು ಕಾಲ ನಡೆಸಿದವು; ಖರ್ಚು ಏರಿ, ಸವಾರರು ಕಡಿಮೆಯಾಗಿ, 2025ರಲ್ಲಿ ಅದೂ ಕೊನೆಗೊಂಡಿತು. ಚಕ್ರ ಉರುಳಿದ ಮಾತ್ರಕ್ಕೆ ದುಡ್ಡು ಬರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ. ಇಲ್ಲಿ ಯಾರಾದರೂ ಕ್ಯಾನ್ಸರಿಗಾಗಿ ಸವಾರಿಯನ್ನೋ ಓಟವನ್ನೋ ಏರ್ಪಡಿಸಿ ನಮ್ಮ ಮುಂದೆ ಕೈಚಾಚಿದರೆ ಎಷ್ಟು ದೂರ ಎಂದು ಕೇಳುವ ಮೊದಲು ಕೇಳಬೇಕಾದ ಪ್ರಶ್ನೆಗಳಿವೆ: ಖರ್ಚನ್ನು ಯಾರು ಹೊರುತ್ತಾರೆ, ನಾನು ಕೊಟ್ಟದ್ದರಲ್ಲಿ ರೋಗಿಗೆ ಎಷ್ಟು ತಲುಪುತ್ತದೆ, ಮಾತು ತಪ್ಪಿದವರಿಗೆ ಏನಾಗುತ್ತದೆ, ಮುಂದಿನ ವರ್ಷವೂ ಇದು ಇರುತ್ತದೆಯೇ. ಟೀಶರ್ಟು, ಪದಕ, ಫೋಟೊಗಳಲ್ಲೇ ಮುಗಿಯುವ ಸವಾರಿಗೂ ಸಾವಿರ ಹಾಸಿಗೆಗೆ ಆಸರೆಯಾಗುವ ಸವಾರಿಗೂ ಇರುವ ಅಂತರ ಈ ಉತ್ತರಗಳಲ್ಲಿದೆ. ಚೆಕ್ ಬರೆದರೆ ಸಾಲದೇ ಎಂದು ಕೇಳುವವರಿಗೆ ಹೇಳಬಹುದಾದದ್ದು ಇಷ್ಟು: ಖಂಡಿತ ಸಾಕು, ದಯವಿಟ್ಟು ಬರೆಯಿರಿ. ಬರೆಯದೇ ಉಳಿಯುವ ಬಹುಸಂಖ್ಯಾತರಿಗಾಗಿಯೇ ಒಬ್ಬರು ಬಿಸಿಲಿಗಿಳಿಯಬೇಕಾಗಿದೆ.